36–7: ಸಿಗದೆ ಹೋದ ಔಟ್‌ಗಳ ಲೆಕ್ಕ

1897ರ ಜೂನ್ 29ರಂದು ಶಿಕಾಗೊದ ವೆಸ್ಟ್ ಸೈಡ್ ಪಾರ್ಕ್‌ನಲ್ಲಿ ಶಿಕಾಗೊ ಕೋಲ್ಟ್ಸ್ ಬೇಸ್‌ಬಾಲ್ ತಂಡ ಲೂಯಿವಿಲ್ ಕರ್ನಲ್ಸ್ ತಂಡವನ್ನು 36–7ರಿಂದ ಸೋಲಿಸಿತು. ಅಮೆರಿಕದ ನ್ಯಾಷನಲ್ ಲೀಗ್ 1876ರಲ್ಲಿ ಶುರುವಾಯಿತು, ಅಮೆರಿಕನ್ ಲೀಗ್ 1901ರಲ್ಲಿ ಪ್ರಮುಖ ಲೀಗ್ ಎನಿಸಿಕೊಂಡಿತು. ಈ ಎರಡರಲ್ಲೂ ಒಂದೇ ತಂಡ ಒಂದೇ ಪಂದ್ಯದಲ್ಲಿ ಗಳಿಸಿದ ಅತಿ ಹೆಚ್ಚು ರನ್ ಇಂದಿಗೂ ಆ 36. ಶಿಕಾಗೊದ ಒಂಬತ್ತು ಇನಿಂಗ್ಸ್‌ಗಳ ಲೆಕ್ಕ ಹೀಗಿತ್ತು: 3, 5, 7, 1, 2, 1, 2, 7, 8. ಒಂದು ಇನಿಂಗ್ಸ್ ಕೂಡ ಸೊನ್ನೆಯಲ್ಲಿ ಮುಗಿಯಲಿಲ್ಲ.

ಇಂಥ ಅಂಕಿ ಕಂಡಾಗ ಶಿಕಾಗೊದವರು ಎಷ್ಟು ಜೋರಾಗಿ ಹೊಡೆದರು ಎಂದು ಕೇಳುವುದು ಸಹಜ. ಆದರೆ ಬೇಸ್‌ಬಾಲ್‌ನ ದೊಡ್ಡ ಮೊತ್ತಗಳು ಅರ್ಥವಾಗಬೇಕಾದರೆ ಸೋತ ತಂಡದ ಕಡೆಯಿಂದ ನೋಡಬೇಕು. ಲೂಯಿವಿಲ್‌ಗೆ ಬೇಕಾಗಿದ್ದದ್ದು ಇನಿಂಗ್ಸ್‌ಗೆ ಮೂರರಂತೆ 27 ಔಟ್. ಅವು ಸಿಗಲು ಎಷ್ಟು ಹೊತ್ತು ಹಿಡಿಯಿತು, ಪ್ರತಿ ಔಟ್‌ಗೆ ಎಷ್ಟು ಬ್ಯಾಟರ್‌ಗಳನ್ನು ಎದುರಿಸಬೇಕಾಯಿತು, ಏಕೆ ಹಾಗಾಯಿತು ಎಂಬುದರಲ್ಲಿ ಇಡೀ ಪಂದ್ಯ ಅಡಗಿದೆ.

ಕ್ರಿಕೆಟ್ ನೋಡಿ ಬೆಳೆದವರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕ್ರಿಕೆಟ್‌ನಲ್ಲಿ ಔಟಾದವನು ಪೆವಿಲಿಯನ್‌ಗೆ ಹೋದರೆ ಆ ಇನಿಂಗ್ಸ್‌ನಲ್ಲಿ ಮತ್ತೆ ಬರುವುದಿಲ್ಲ; ಹತ್ತು ವಿಕೆಟ್ ಬಿದ್ದರೆ ಮುಗಿಯಿತು, ಸೀಮಿತ ಓವರ್‌ಗಳ ಆಟವಾದರೆ ಅದಕ್ಕೂ ಮುಂಚೆ ಎಸೆತಗಳೇ ಮುಗಿಯುತ್ತವೆ. ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಮೂರು ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ, ಬ್ಯಾಟ್ ಮಾಡಿದ ಜಾಗಕ್ಕೆ (ಹೋಮ್ ಪ್ಲೇಟ್) ಮರಳಿದರೆ ಒಂದು ರನ್. ಇಲ್ಲಿ ಎಸೆತಗಳಿಗೆ ಮಿತಿಯಿಲ್ಲ, ಹೊತ್ತಿಗೂ ಮಿತಿಯಿಲ್ಲ. ಔಟಾದವನು ಬೆಂಚಿಗೆ ಹೋಗಿ ಕೂತರೂ ತನ್ನ ಸರದಿ ಬಂದಾಗ ಮತ್ತೆ ಬ್ಯಾಟ್ ಹಿಡಿಯುತ್ತಾನೆ. ಒಂಬತ್ತು ಮಂದಿಯ ಸರದಿ ಸುತ್ತುತ್ತಲೇ ಇರುತ್ತದೆ. ಮೂರು ಔಟ್ ಬಿದ್ದರೆ ಮಾತ್ರ ಆ ಇನಿಂಗ್ಸ್‌ಗೆ ತೆರೆ. ಮೂರನೆಯ ಔಟ್ ಬೀಳದಿದ್ದರೆ ಹತ್ತನೆಯವನಾಗಿ ಮೊದಲನೆಯವನೇ ಮತ್ತೆ ಬರುತ್ತಾನೆ. ಸಾಕೆನಿಸಿದಾಗ ಡಿಕ್ಲೇರ್ ಮಾಡಿಕೊಳ್ಳುವ ಅವಕಾಶವೂ ಇಲ್ಲ. ಗೆಲ್ಲುವ ತಂಡಕ್ಕೆ ನಿಲ್ಲಿಸುವ ದಾರಿಯಿಲ್ಲ, ಸೋಲುವ ತಂಡಕ್ಕೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಮೈದಾನ ಬಿಟ್ಟು ಹೋದರೆ 9–0 ಎಂದು ಬರೆದು ಪಂದ್ಯವನ್ನು ಎದುರಾಳಿಗೆ ಕೊಡುತ್ತಾರೆ, ಅಷ್ಟೆ.

ಎಷ್ಟು ಮಂದಿ ಬ್ಯಾಟ್ ಹಿಡಿದರು?

ಪತ್ರಿಕೆಯಲ್ಲಿ ಅಚ್ಚಾದ ಸ್ಕೋರು ಸರಿಯಿದೆಯೇ ಎಂದು ನೋಡಲು ಸ್ಕೋರರ್‌ಗಳು ಬಳಸುವ ಹಳೆಯ ಸೂತ್ರವೊಂದಿದೆ. ಬ್ಯಾಟ್ ಮಾಡಲು ಬಂದ ಪ್ರತಿಯೊಬ್ಬನಿಗೂ ಮೂರರಲ್ಲಿ ಒಂದು ಗತಿ: ಅವನು ರನ್ ಗಳಿಸಬೇಕು, ಔಟಾಗಬೇಕು, ಇಲ್ಲವೇ ಇನಿಂಗ್ಸ್ ಮುಗಿದಾಗ ಯಾವುದೋ ಬೇಸ್‌ನಲ್ಲಿ ಉಳಿದಿರಬೇಕು. ನಾಲ್ಕನೆಯದು ಇಲ್ಲ. ಆದ್ದರಿಂದ ಬಂದ ಬ್ಯಾಟರ್‌ಗಳ ಒಟ್ಟು ಸಂಖ್ಯೆ ಎಂದರೆ ರನ್, ಔಟ್ ಮತ್ತು ಬೇಸ್‌ನಲ್ಲಿ ಉಳಿದವರು, ಈ ಮೂರರ ಮೊತ್ತ.

ಶಿಕಾಗೊದ ಲೆಕ್ಕಕ್ಕೆ ಇದನ್ನು ಹಾಕೋಣ. ರನ್ 36, ಔಟ್ 27, ಕೂಡಿದರೆ 63. ಅಂದರೆ ಒಬ್ಬನೂ ಬೇಸ್‌ನಲ್ಲಿ ಉಳಿಯಲಿಲ್ಲ ಎಂದುಕೊಂಡರೂ ಒಂಬತ್ತು ಬ್ಯಾಟರ್‌ಗಳಿಗೆ ತಲಾ ಏಳು ಸರದಿ ಸಿಕ್ಕಿರಲೇಬೇಕು. ಒಂದು ಇನಿಂಗ್ಸ್‌ನಲ್ಲಿ ಉಳಿಯಬಹುದಾದವರು ಹೆಚ್ಚೆಂದರೆ ಮೂವರು, ಏಕೆಂದರೆ ಬೇಸ್‌ಗಳಿರುವುದೇ ಮೂರು. ಒಂಬತ್ತು ಇನಿಂಗ್ಸ್‌ಗೆ 27. ಹಾಗಾಗಿ ಬ್ಯಾಟರ್‌ಗಳ ಸಂಖ್ಯೆ 63ಕ್ಕಿಂತ ಕಡಿಮೆ ಇರಲಾರದು, 90ಕ್ಕಿಂತ ಹೆಚ್ಚಿರಲಾರದು. ಬ್ಯಾರಿ ಮೆಕಾರ್ಮಿಕ್ ಅಂದು ಎಂಟು ಸಲ ಬ್ಯಾಟ್ ಮಾಡಿ ಆರು ಹಿಟ್ (ಬೇಸ್ ತಲುಪಿಸುವ ಹೊಡೆತ) ಹೊಡೆದರು. ಅವರಿಗೆ ಎಂಟನೆಯ ಸರದಿ ಬಂದಿದೆಯೆಂದರೆ ಎಲ್ಲರೂ ತಲಾ ಏಳು ಸಲ ಬಂದು ಹೋದ ಮೇಲೂ ಸಾಲು ಮುಂದುವರಿದಿತ್ತು ಎಂದಾಯಿತು.

ಇದೇ ಸೂತ್ರದಿಂದ ಇನ್ನೊಂದು ವಿಷಯ ಹೊರಬರುತ್ತದೆ. 63 ಮಂದಿಯಲ್ಲಿ 36 ಮಂದಿ ಔಟಾಗದೆ ಉಳಿದಿದ್ದರೆ ಅದು ಶೇ 57. 90ರಲ್ಲಿ 63 ಮಂದಿ ಉಳಿದಿದ್ದರೆ ಶೇ 70. ಆ ದಿನದ ನಿಜವಾದ ಪ್ರಮಾಣ ಈ ಎರಡರ ನಡುವೆ ಎಲ್ಲೋ ಇದೆ, ಹೊರಗೆ ಇರಲು ಸಾಧ್ಯವೇ ಇಲ್ಲ. ಆ ಕಾಲದ ಸಾಧಾರಣ ಪಂದ್ಯದಲ್ಲಿ ಬ್ಯಾಟ್ ಹಿಡಿದು ಬಂದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ ಬೇಸ್ ತಲುಪುತ್ತಿದ್ದ.

ಈಗ ನೋಡಿ, ಮೊತ್ತ ಹೇಗೆ ಏರುತ್ತದೆ ಎಂದು. ಮೂವರಲ್ಲಿ ಒಬ್ಬ ಬೇಸ್ ತಲುಪುವುದಾದರೆ ಮೂರು ಔಟ್ ಬೀಳುವಷ್ಟರಲ್ಲಿ ಸರಾಸರಿ ನಾಲ್ಕೂವರೆ ಬ್ಯಾಟರ್‌ಗಳು ಬರುತ್ತಾರೆ, ಬೇಸ್ ತಲುಪುವವರು ಒಂದೂವರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇಸ್‌ನಲ್ಲೇ ಉಳಿದುಬಿಡುತ್ತಾರೆ. ಹೀಗೆ ಒಂಬತ್ತು ಇನಿಂಗ್ಸ್‌ಗೆ ಐದಾರು ರನ್ ಆಗುತ್ತದೆ. 1897ರಲ್ಲಿ ನ್ಯಾಷನಲ್ ಲೀಗ್‌ನ ಸರಾಸರಿ ತಂಡವೊಂದಕ್ಕೆ ಪಂದ್ಯಕ್ಕೆ ಸುಮಾರು 6 ರನ್ ಇತ್ತು. ಎಂಟರಲ್ಲಿ ಐವರು ಬೇಸ್ ತಲುಪುವಂತಾದರೆ ಒಂದು ಇನಿಂಗ್ಸ್‌ಗೆ ಎಂಟು ಬ್ಯಾಟರ್, ಬೇಸ್ ತಲುಪಿದವರು ಐವರು. ಹಿಂದಿನವರು ಮುಂದಿನವರನ್ನು ತಳ್ಳುತ್ತಾ ಹೋಗುವುದರಿಂದ ಉಳಿಯುವವರು ಒಬ್ಬರೋ ಇಬ್ಬರೋ. ಒಬ್ಬ ಉಳಿದ ಎಂದಿಟ್ಟುಕೊಂಡರೆ ಇನಿಂಗ್ಸ್‌ಗೆ 4 ರನ್, ಒಂಬತ್ತಕ್ಕೆ 36. ಬೇಸ್ ತಲುಪುವ ಪ್ರಮಾಣ ಇಮ್ಮಡಿಯೂ ಆಗಿಲ್ಲ, ಆದರೆ ರನ್ ಆರು ಪಟ್ಟು. ಏಕಪಕ್ಷೀಯ ಪಂದ್ಯಗಳ ಗುಟ್ಟು ಇಷ್ಟೇ: ಔಟ್ ದೊರೆಯುವುದು ಸ್ವಲ್ಪ ಕಷ್ಟವಾದರೂ ಮೊತ್ತ ನೆಟ್ಟಗೆ ಏರುವುದಿಲ್ಲ, ಜಿಗಿಯುತ್ತದೆ. ಮೂರರಲ್ಲಿ ಒಬ್ಬ ಬೇಸ್ ತಲುಪುವಾಗ ಒಂದು ಔಟ್‌ಗೆ ಒಂದೂವರೆ ಬ್ಯಾಟರ್‌ಗೆ ಎಸೆದರೆ ಸಾಕಿತ್ತು. ಇಲ್ಲಿ ಎರಡೂವರೆಗಿಂತ ಹೆಚ್ಚು ಬ್ಯಾಟರ್‌ಗೆ ಎಸೆಯಬೇಕಾಗಿ ಬಂತು, ಎಸೆಯುವ ತೋಳು ಮಾತ್ರ ಅದೇ.

ಒಂಬತ್ತು ಇನಿಂಗ್ಸ್‌ಗಳ ಸಾಲು

3, 5, 7 ಎಂಬ ಮೊದಲ ಮೂರರಲ್ಲಿ 15 ರನ್. ನಡುವಿನ ಮೂರರಲ್ಲಿ ಬರೀ 4. ಕೊನೆಯ ಮೂರರಲ್ಲಿ 17. ಮೂರನೆಯ ಇನಿಂಗ್ಸ್‌ನ ಏಳು ರನ್‌ಗೆ ಮೂರು ಔಟ್ ಸೇರಿಸಿದರೆ ಕನಿಷ್ಠ ಹತ್ತು ಬ್ಯಾಟರ್. ಸರದಿ ಒಂದು ಸುತ್ತು ದಾಟಿದೆ. ಎಂಟನೆಯದರಲ್ಲಿ ಮತ್ತೆ ಹತ್ತು, ಒಂಬತ್ತನೆಯದರಲ್ಲಿ ಹನ್ನೊಂದು.

ಲೂಯಿವಿಲ್ ಪರ ಪಂದ್ಯ ಶುರುಮಾಡಿದ ಪಿಚರ್ (ಚೆಂಡು ಎಸೆಯುವವನು) ಚಿಕ್ ಫ್ರೇಸರ್. ಮೂರನೆಯ ಇನಿಂಗ್ಸ್‌ನಲ್ಲಿ ಅವರನ್ನು ಕೂರಿಸಿ ಜಿಮ್ ಜೋನ್ಸ್ ಅವರನ್ನು ಕಳಿಸಿದರು. ನಡುವಿನ ಮೂರು ಇನಿಂಗ್ಸ್‌ಗಳಲ್ಲಿ ಜೋನ್ಸ್ ಕೊಟ್ಟದ್ದು ನಾಲ್ಕೇ ರನ್, ಲೀಗ್‌ನ ಸರಾಸರಿಗಿಂತ ಎರಡೇ ರನ್ ಹೆಚ್ಚು. ಆಮೇಲೆ ಕಥೆ ಬದಲಾಯಿತು. ಅವರೇ ಕೊನೆಯವರೆಗೆ ಎಸೆಯಬೇಕಾಯಿತು, ಬೇರೆಯವರು ಬರಲಿಲ್ಲ. ಬ್ಯಾಟರ್‌ಗಳು ಒಬ್ಬನೇ ಪಿಚರ್‌ನನ್ನು ಮೂರನೆಯ, ನಾಲ್ಕನೆಯ ಸಲ ಎದುರಿಸುವಾಗ ಅವನ ಎಸೆತದ ಹದ ತಿಳಿದುಹೋಗಿರುತ್ತದೆ. ಅದೇ ಹೊತ್ತಿಗೆ ಅವನ ವೇಗವೂ ಇಳಿದಿರುತ್ತದೆ. ಎರಡೂ ಕೂಡಿದರೆ 7 ಮತ್ತು 8 ಬರುವುದರಲ್ಲಿ ಅಚ್ಚರಿಯಿಲ್ಲ. ಮುಂದೆ ಇದೇ ಜೋನ್ಸ್ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ ಔಟ್‌ಫೀಲ್ಡರ್ ಆಗಿ ಆಡಿದರು.

ಫ್ರೇಸರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಎಸೆತದಲ್ಲಿ ವೇಗವಿತ್ತು, ಹಿಡಿತ ಕಡಿಮೆ. ತಮ್ಮ ವೃತ್ತಿಜೀವನದಲ್ಲಿ 219 ಬ್ಯಾಟರ್‌ಗಳ ಮೈಗೆ ಚೆಂಡು ತಾಗಿಸಿದವರು ಅವರು. ಹಾಗೆಂದು ಕಳಪೆ ಪಿಚರ್ ಎಂದುಕೊಂಡರೆ ತಪ್ಪು. 1903ರ ಸೆಪ್ಟೆಂಬರ್ 18ರಂದು ಫಿಲಡೆಲ್ಫಿಯಾ ಪರ ಆಡುತ್ತಾ ಅದೇ ಶಿಕಾಗೊ ತಂಡಕ್ಕೆ ಅದರದೇ ಊರಿನಲ್ಲಿ ಒಂದು ಹಿಟ್ ಕೂಡ ಕೊಡದೆ ತಮ್ಮ ತಂಡವನ್ನು 10–0ರಿಂದ ಗೆಲ್ಲಿಸಿದ್ದೂ ಇದೇ ಫ್ರೇಸರ್. ಆದ್ದರಿಂದ 36 ರನ್‌ಗೆ ಒಬ್ಬ ಪಿಚರ್‌ನ ಅಸಾಮರ್ಥ್ಯ ಸಾಕಷ್ಟು ಕಾರಣವಾಗಲಾರದು.

ಶಿಕಾಗೊ ಕಡೆ ಪಿಚರ್ ಆಗಿದ್ದವರು ಜಿಮ್ಮಿ ಕ್ಯಾಲಹನ್, ನಿಕ್ಸಿ ಎಂದೇ ಹೆಸರು. ಪಿಚರ್ ಕೂಡ ತನ್ನ ಸರದಿಯಲ್ಲಿ ಬ್ಯಾಟ್ ಮಾಡಲೇಬೇಕಿದ್ದ ಕಾಲ ಅದು; ಕ್ಯಾಲಹನ್ ಐದು ಹಿಟ್ ಹೊಡೆದರು. ಸಾಮಾನ್ಯವಾಗಿ ಸರದಿಯಲ್ಲಿ ಪಿಚರ್ ಬಂದಾಗ ಎದುರಾಳಿಗೆ ಒಂದು ಔಟ್ ಸುಲಭವಾಗಿ ದೊರೆಯುತ್ತದೆ. ಅಂದು ಆ ಉಸಿರಾಡುವ ಜಾಗವೂ ಲೂಯಿವಿಲ್‌ಗೆ ಸಿಗಲಿಲ್ಲ.

ಒಂಬತ್ತನೆಯ ಇನಿಂಗ್ಸ್ ಹೇಗೆ ಬಂತು?

ಈಗಿನ ಬೇಸ್‌ಬಾಲ್ ಬಲ್ಲವರಿಗೆ ಆ ಕೊನೆಯ 8 ರನ್ ಕಂಡೊಡನೆ ಸಂಶಯ ಬರಬೇಕು. ಪಂದ್ಯ ನಡೆದದ್ದು ಶಿಕಾಗೊದಲ್ಲಿ. ಇಂದಿನ ನಿಯಮದಂತೆ ತವರಿನ ತಂಡ ಪ್ರತಿ ಇನಿಂಗ್ಸ್‌ನ ಎರಡನೆಯ ಭಾಗದಲ್ಲಿ ಬ್ಯಾಟ್ ಮಾಡುತ್ತದೆ. ಒಂಬತ್ತನೆಯದರ ಮೊದಲ ಭಾಗ ಮುಗಿದಾಗಲೇ ಮುಂದಿದ್ದರೆ ಅದು ಬ್ಯಾಟ್ ಮಾಡುವುದೇ ಇಲ್ಲ. ಅಷ್ಟು ಮುಂದಿದ್ದ ಶಿಕಾಗೊ ಒಂಬತ್ತನೆಯ ಸಲ ಬ್ಯಾಟ್ ಹಿಡಿದದ್ದು ಹೇಗೆ?

ಅಂದಿನ ನಿಯಮವೇ ಬೇರೆ. ಮೊದಲು ಬ್ಯಾಟ್ ಮಾಡಬೇಕೋ ಆಮೇಲೆ ಮಾಡಬೇಕೋ ಎಂಬ ಆಯ್ಕೆ ತವರಿನ ನಾಯಕನ ಕೈಯಲ್ಲಿತ್ತು. ತವರಿನ ತಂಡ ಕೊನೆಗೇ ಬ್ಯಾಟ್ ಮಾಡಬೇಕೆಂಬುದು ನಿಯಮದ ಪುಸ್ತಕಕ್ಕೆ ಬಂದದ್ದು 1950ರಲ್ಲಿ. ಹೊಸ ಚೆಂಡು ಗಟ್ಟಿಯಾಗಿ, ಬಿಳಿಯಾಗಿ ಇರುವಾಗಲೇ ಅದನ್ನು ಹೊಡೆಯುವ ಅವಕಾಶ ಮೊದಲು ಬ್ಯಾಟ್ ಮಾಡುವವರಿಗೆ. ಆ ಕಾಲದಲ್ಲಿ ಚೆಂಡನ್ನು ಈಗಿನಂತೆ ಮಾತುಮಾತಿಗೆ ಬದಲಿಸುತ್ತಿರಲಿಲ್ಲ. ಒಂದೇ ಚೆಂಡು ಪೆಟ್ಟು ತಿಂದು, ಮಣ್ಣು ಮೆತ್ತಿಕೊಂಡು, ಮೆತ್ತಗಾಗುತ್ತಾ ಹೋಗುತ್ತಿತ್ತು. ಆದ್ದರಿಂದ ಮೊದಲ ಸರದಿ ಬಯಸುವವರು ಬಹಳ ಮಂದಿ.

ಶಿಕಾಗೊದ ನಾಯಕ ಕ್ಯಾಪ್ ಆನ್ಸನ್. ಆಗ ಅವರಿಗೆ 45 ವರ್ಷ, ಮೊದಲ ಬೇಸ್‌ನಲ್ಲಿ ಆಡುತ್ತಾ ತಂಡವನ್ನೂ ನಡೆಸುತ್ತಿದ್ದರು. ಅದು ಅವರ 27ನೆಯ ಮತ್ತು ಕೊನೆಯ ಸೀಸನ್. (ಕಪ್ಪು ಆಟಗಾರರಿರುವ ತಂಡದ ಎದುರು ಆಡುವುದಿಲ್ಲವೆಂದು ಹಟ ಹಿಡಿದು, ಅವರನ್ನು ದೊಡ್ಡ ಲೀಗ್‌ಗಳಿಂದ ದಶಕಗಳ ಕಾಲ ಹೊರಗಿಟ್ಟ ಅನ್ಯಾಯಕ್ಕೆ ಬಲ ಕೊಟ್ಟವರೂ ಇವರೇ. ಆನ್ಸನ್ ಹೆಸರು ಹೇಳಿ ಅದನ್ನು ಬಿಡುವುದು ಸರಿಯಲ್ಲ.) ಶಿಕಾಗೊ ಎರಡನೆಯದಾಗಿ ಬ್ಯಾಟ್ ಮಾಡಿದ್ದರೆ ಒಂಬತ್ತನೆಯ ಇನಿಂಗ್ಸ್ ಬರುತ್ತಿರಲಿಲ್ಲ, ಮೊತ್ತ 28ಕ್ಕೆ ನಿಲ್ಲುತ್ತಿತ್ತು. ಆಗ ದಾಖಲೆ ಆನ್ಸನ್ ಅವರ ಇನ್ನೊಂದು ಪಂದ್ಯದ ಹೆಸರಿನಲ್ಲೇ ಉಳಿಯುತ್ತಿತ್ತು: 1882ರ ಜುಲೈ 24ರಂದು ಇದೇ ಶಿಕಾಗೊ ಸಂಸ್ಥೆ ಕ್ಲೀವ್‌ಲ್ಯಾಂಡ್ ತಂಡವನ್ನು 35–4ರಿಂದ ಸೋಲಿಸಿತ್ತು. ಅಂತರದ ಲೆಕ್ಕದಲ್ಲಿ ಆ ಪಂದ್ಯವೇ ದೊಡ್ಡದು, 31 ರನ್, 1897ರದ್ದು 29.

ಆ ಕಾಲದಲ್ಲಿ ಔಟ್ ಏಕೆ ಅಷ್ಟು ಕಷ್ಟವಾಗಿತ್ತು?

ಮೊದಲ ಕಾರಣ ದೂರ. 1892ರವರೆಗೆ ಪಿಚರ್ ಒಂದು ಚೌಕದೊಳಗೆ ನಿಂತು ಎಸೆಯುತ್ತಿದ್ದ. ಚೌಕದ ಮುಂದಿನ ಗೆರೆ ಹೋಮ್ ಪ್ಲೇಟ್‌ನಿಂದ 50 ಅಡಿ, ಹಿಂದಿನ ಗೆರೆ 55 ಅಡಿ 6 ಅಂಗುಲ; ಹಿಂದಿನ ಗೆರೆಯ ಮೇಲೆ ಕಾಲಿಟ್ಟೇ ಎಸೆತ ಶುರುಮಾಡಬೇಕಿತ್ತು. 1893ರಲ್ಲಿ ಚೌಕವನ್ನು ತೆಗೆದು ರಬ್ಬರ್ ಪಟ್ಟಿಯೊಂದನ್ನು ನೆಲದಲ್ಲಿ ಕೂರಿಸಿದರು, 60 ಅಡಿ 6 ಅಂಗುಲ ದೂರದಲ್ಲಿ, ಅಂದರೆ 18.44 ಮೀಟರ್. 50ರಿಂದ 60 ಅಡಿಗೆ ಹೋಯಿತು ಎಂದು ಹಲವರು ಬರೆಯುತ್ತಾರೆ; ಕಾಲಿನ ಜಾಗ ನೋಡಿದರೆ ನಿಜವಾದ ಬದಲಾವಣೆ ಐದು ಅಡಿ. ಐದೇ ಅಡಿ, ಆದರೆ ಪರಿಣಾಮ ಭಾರಿ. ಬ್ಯಾಟರ್‌ಗೆ ಚೆಂಡು ನೋಡಲು ಹೆಚ್ಚು ಹೊತ್ತು ಸಿಕ್ಕಿತು. ಪಿಚರ್‌ಗಳು ಹಳೆಯ ದೂರಕ್ಕೆ ಪಳಗಿಸಿಕೊಂಡಿದ್ದ ತಿರುವು ಹೊಸ ದೂರಕ್ಕೆ ಹೊಂದಲಿಲ್ಲ, ಕರ್ವ್ ಬೇಗನೇ ತಿರುಗಿ ಪ್ಲೇಟ್ ತಪ್ಪುತ್ತಿತ್ತು. ಲೀಗ್‌ನ ಒಟ್ಟು ಬ್ಯಾಟಿಂಗ್ ಸರಾಸರಿ (ಬ್ಯಾಟ್ ಮಾಡಿದ ಸರದಿಗಳಲ್ಲಿ ಹಿಟ್ ಆದವುಗಳ ಪಾಲು) 1892ರಲ್ಲಿ .245 ಇದ್ದದ್ದು 1893ರಲ್ಲಿ .280 ಆಯಿತು, 1894ರಲ್ಲಿ .309 ಮುಟ್ಟಿತು. ಆ ವರ್ಷ ಒಂದೊಂದು ತಂಡ ಪಂದ್ಯಕ್ಕೆ ಸರಾಸರಿ ಏಳಕ್ಕಿಂತ ಹೆಚ್ಚು ರನ್ ಗಳಿಸಿತು. 1897ರ ಹೊತ್ತಿಗೆ ಪಿಚರ್‌ಗಳು ಸ್ವಲ್ಪ ಚೇತರಿಸಿಕೊಂಡಿದ್ದರು, ಪೂರ್ತಿಯಾಗಿ ಅಲ್ಲ.

ಎರಡನೆಯದು ಫೌಲ್. ಗೆರೆಯಿಂದ ಹೊರಗೆ ಹೋದ ಹೊಡೆತವನ್ನು ಫೌಲ್ ಎನ್ನುತ್ತಾರೆ. ಇಂದು ಮೊದಲ ಎರಡು ಫೌಲ್‌ಗಳನ್ನು ಸ್ಟ್ರೈಕ್ ಎಂದೇ ಎಣಿಸುತ್ತಾರೆ. ಮೂರು ಸ್ಟ್ರೈಕ್ ಆದರೆ ಔಟ್. 1897ರಲ್ಲಿ ಹಾಗಿರಲಿಲ್ಲ. ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು) ಮಾಡಲು ಹೋಗಿ ಫೌಲ್ ಮಾಡಿದರೆ ಸ್ಟ್ರೈಕ್, ಉಳಿದಂತೆ ಬ್ಯಾಟರ್ ಎಷ್ಟು ಫೌಲ್ ಹೊಡೆದರೂ ನಷ್ಟವಿಲ್ಲ. ಕೈಚಳಕವಿದ್ದವರು ಒಳ್ಳೆಯ ಎಸೆತಗಳನ್ನೆಲ್ಲ ಬದಿಗೆ ತಳ್ಳುತ್ತಾ, ಕೆಟ್ಟ ಎಸೆತಕ್ಕೆ ಕಾಯುತ್ತಾ ನಿಲ್ಲುತ್ತಿದ್ದರು. ನಾಲ್ಕು ಕೆಟ್ಟ ಎಸೆತ ಬಿದ್ದರೆ ಪುಕ್ಕಟೆ ಬೇಸ್, ಅದನ್ನು ವಾಕ್ ಎನ್ನುತ್ತಾರೆ. ಈ ನಾಲ್ಕರ ಲೆಕ್ಕ 1889ರಲ್ಲೇ ಬಂದಿತ್ತು. ಪಿಚರ್ ಬಳಲಿದಂತೆ ಆಟ ಇನ್ನಷ್ಟು ವಾಲುತ್ತಿತ್ತು. ನ್ಯಾಷನಲ್ ಲೀಗ್ 1901ರಲ್ಲಿ, ಅಮೆರಿಕನ್ ಲೀಗ್ 1903ರಲ್ಲಿ ಫೌಲನ್ನು ಸ್ಟ್ರೈಕ್ ಮಾಡಿದವು. ಆಮೇಲೆ ರನ್‌ಗಳು ಇಳಿದದ್ದು ಆಕಸ್ಮಿಕವಲ್ಲ.

ಮೂರನೆಯದು ಕೈಗವಸು. ಇಂದಿನ ಗ್ಲೌಸ್ ನೋಡಿದವರಿಗೆ ಆಗಿನದು ಬರೀ ಚರ್ಮದ ದಪ್ಪ ಕೈಚೀಲದಂತೆ ಕಂಡೀತು. 1895ರ ನಿಯಮದ ಪ್ರಕಾರ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಮತ್ತು ಮೊದಲ ಬೇಸ್‌ನವನನ್ನು ಬಿಟ್ಟು ಉಳಿದವರ ಗ್ಲೌಸ್ 10 ಔನ್ಸ್‌ಗಿಂತ ಭಾರವಿರಬಾರದು, ಅಂಗೈ ಸುತ್ತಳತೆ 14 ಅಂಗುಲ ಮೀರಬಾರದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೆಣೆದ ಜಾಲವಿರುವ ಗ್ಲೌಸ್ ಮಾರುಕಟ್ಟೆಗೆ ಬಂದದ್ದು 1920ರಲ್ಲಿ, ಪಿಚರ್ ಬಿಲ್ ಡೋಕ್ ಅವರ ಸಲಹೆಯಿಂದ. ಅದಕ್ಕೂ ಮೊದಲು ಚೆಂಡು ಅಂಗೈಗೇ ಬಡಿಯುತ್ತಿತ್ತು. ಒಂದು ಕೈಯಲ್ಲಿ ಹಿಡಿಯುವುದು ಅಪರೂಪದ ಸಾಹಸ, ಎರಡೂ ಕೈ ಬೇಕು. ಎರಡೂ ಕೈ ಬೇಕಾದರೆ ಚೆಂಡಿನ ಮುಂದೆ ಮೈಯೂ ಬರಬೇಕು, ಅಂದರೆ ಎರಡು ಹೆಜ್ಜೆ ಹೆಚ್ಚು ಓಡಬೇಕು. ಸಿನ್ಸಿನಾಟಿಯ ಬಿಡ್ ಮೆಕ್ಫೀ ಎಂಬ ಎರಡನೆಯ ಬೇಸ್‌ನ ಆಟಗಾರ 1896ರವರೆಗೂ ಬರಿಗೈಯಲ್ಲೇ ಆಡಿದವರು, ಅದೂ ಲೀಗ್‌ನ ಅತ್ಯುತ್ತಮರಲ್ಲಿ ಒಬ್ಬರಾಗಿ.

ಇದರ ಫಲವಾಗಿ ಆಗ ಒಂದು ತಂಡ ಪಂದ್ಯಕ್ಕೆ ಸರಾಸರಿ ಎರಡು ಮೂರು ಎರರ್ (ಫೀಲ್ಡಿಂಗ್ ತಪ್ಪು) ಮಾಡುತ್ತಿತ್ತು. ಎರರ್ ಎಂದರೆ ಬರೀ ಒಂದು ಬೇಸ್ ಹೆಚ್ಚಾಗಿ ಕೊಟ್ಟಂತಲ್ಲ. ಸಿಗಬೇಕಿದ್ದ ಔಟ್ ಸಿಗದಿದ್ದರೆ ಆ ಇನಿಂಗ್ಸ್‌ನಲ್ಲಿ ನಾಲ್ಕು ಔಟ್ ಪಡೆಯಬೇಕಾದಂತೆ. ಸಾಧಾರಣ ದಿನದಲ್ಲಿ ಆ ಹೆಚ್ಚುವರಿ ಔಟ್‌ಗೆ ಒಂದೂವರೆ ಬ್ಯಾಟರ್ ಎದುರಿಸಿದರೆ ಆಯಿತು. ಎಂಟರಲ್ಲಿ ಐವರು ಬೇಸ್ ತಲುಪುತ್ತಿರುವ ದಿನ ಎರಡೂವರೆಗಿಂತ ಹೆಚ್ಚು ಬ್ಯಾಟರ್, ಅಷ್ಟರಲ್ಲಿ ಬೇಸ್‌ನಲ್ಲಿದ್ದವರೆಲ್ಲ ಮನೆಗೆ. ಒಂದೇ ತಪ್ಪು ಕೆಟ್ಟ ದಿನದಲ್ಲಿ ಮಾಡುವ ಹಾನಿ ಹೆಚ್ಚು. ಸೋಲುವ ತಂಡದ ಮೇಲೆ ಎಲ್ಲವೂ ಒಟ್ಟಿಗೆ ಬಿದ್ದಂತೆ ಕಾಣುವುದಕ್ಕೆ ಇದೇ ಕಾರಣ. ಮೈದಾನಗಳ ಉಬ್ಬುತಗ್ಗು, ಇಡೀ ಮೈದಾನಕ್ಕೆ ಹೆಚ್ಚಾಗಿ ಒಬ್ಬನೇ ಅಂಪೈರ್, ಇವೂ ಇದ್ದವು. ಆದರೆ ಅವು ಎರಡೂ ತಂಡಗಳಿಗೆ ಸಮ.

ಪಿಚರ್‌ನನ್ನು ಏಕೆ ಬದಲಿಸಲಿಲ್ಲ?

ನಿಯಮದ ಅಡ್ಡಿಯಿರಲಿಲ್ಲ. 1891ರಿಂದಲೇ ಯಾವ ಆಟಗಾರನನ್ನು ಯಾವಾಗ ಬೇಕಾದರೂ ಬದಲಿಸಬಹುದಿತ್ತು; ಹೊರಹೋದವನು ಮತ್ತೆ ಬರುವಂತಿಲ್ಲ, ಅಷ್ಟೆ. ಅಡ್ಡಿಯಿದ್ದದ್ದು ಜನಬಲದಲ್ಲಿ. ಒಂದು ತಂಡ ಇಟ್ಟುಕೊಳ್ಳುತ್ತಿದ್ದ ಆಟಗಾರರೇ ಹದಿನೈದರ ಆಸುಪಾಸು, ಅವರಲ್ಲಿ ಪಿಚರ್‌ಗಳು ನಾಲ್ಕೈದು ಮಂದಿ. ಪಂದ್ಯ ಶುರುಮಾಡಿದವನೇ ಮುಗಿಸಬೇಕೆಂಬುದು ವಾಡಿಕೆ. ಈಗಿನಂತೆ ಆರು, ಏಳು, ಎಂಟನೆಯ ಇನಿಂಗ್ಸ್‌ಗೆಂದೇ ಬೇರೆ ಬೇರೆ ತೋಳುಗಳನ್ನು ಸಾಕುವ ಪದ್ಧತಿ ಬಂದಿರಲಿಲ್ಲ. 15 ರನ್ ಹಿಂದಿರುವಾಗ ಮೂರನೆಯ ಪಿಚರ್‌ನನ್ನು ಕಳಿಸಿದರೆ ನಾಳೆಯ ಪಂದ್ಯಕ್ಕೆ ಯಾರು? ಹಾಗಾಗಿ ಜೋನ್ಸ್ ಅವರನ್ನು ಬಿಟ್ಟದ್ದು ನಿರ್ದಯವೆನಿಸಿದರೂ ಲೆಕ್ಕಾಚಾರದಲ್ಲಿ ಸರಿ. 36–7ರ ಸೋಲಾದರೂ 3–2ರ ಸೋಲಾದರೂ ಪಟ್ಟಿಯಲ್ಲಿ ಒಂದೇ ಸೋಲು; ಕ್ರಿಕೆಟ್ ಟೂರ್ನಿಗಳ ನೆಟ್ ರನ್‌ರೇಟ್‌ನಂಥದ್ದು ಅಲ್ಲಿಲ್ಲ.

ಲೂಯಿವಿಲ್ ಆಗ ಬಡಪಾಯಿ ತಂಡ. 1891ರ ಕೊನೆಗೆ ಅಮೆರಿಕನ್ ಅಸೋಸಿಯೇಷನ್ ಎಂಬ ಇನ್ನೊಂದು ಲೀಗ್ ಮುಳುಗಿದಾಗ ಅದರ ನಾಲ್ಕು ತಂಡಗಳನ್ನು ಸೇರಿಸಿಕೊಂಡು ನ್ಯಾಷನಲ್ ಲೀಗ್ 12 ತಂಡಗಳದ್ದಾಯಿತು. ಹಾಗೆ ಬಂದವುಗಳಲ್ಲಿ ಲೂಯಿವಿಲ್ ಒಂದು. 1894, 1895, 1896, ಮೂರು ವರ್ಷವೂ ಅದಕ್ಕೆ ಕೊನೆಯ ಸ್ಥಾನ. 1897ರ ಜೂನ್‌ನಲ್ಲಷ್ಟೇ 24 ವರ್ಷದ ಫ್ರೆಡ್ ಕ್ಲಾರ್ಕ್ ಕೈಗೆ ತಂಡವನ್ನು ಕೊಟ್ಟಿದ್ದರು. ಶಿಕಾಗೊ ಕೂಡ ಬಲಾಢ್ಯವೇನಲ್ಲ: ಆ ಸೀಸನ್ನಿನ ಕೊನೆಗೆ ಅದು 59 ಗೆಲುವು 73 ಸೋಲಿನೊಂದಿಗೆ ಒಂಬತ್ತನೆಯದು, ಲೂಯಿವಿಲ್ 52–78ರೊಂದಿಗೆ ಹನ್ನೊಂದನೆಯದು. ಪಟ್ಟಿಯ ಕೆಳಭಾಗದಲ್ಲಿದ್ದ ಎರಡು ತಂಡಗಳ ನಡುವೆ ಈ ದಾಖಲೆ ಹುಟ್ಟಿತು. ದೊಡ್ಡ ಮೊತ್ತಕ್ಕೆ ಶ್ರೇಷ್ಠ ತಂಡ ಬೇಕಿಲ್ಲ, ಔಟ್ ಪಡೆಯಲಾಗದ ಎದುರಾಳಿ ಸಾಕು. ಆ ಪಂದ್ಯವಾಗಿ ಮೂರು ವಾರದೊಳಗೆ ಹೋನಸ್ ವ್ಯಾಗ್ನರ್ ಎಂಬ ಹೊಸ ಹುಡುಗ ಲೂಯಿವಿಲ್ ಸೇರಿದ. 1899ರ ನಂತರ ಲೀಗ್ ಎಂಟು ತಂಡಕ್ಕೆ ಇಳಿದಾಗ ಕ್ಲಾರ್ಕ್, ವ್ಯಾಗ್ನರ್ ಮೊದಲಾದವರು ಪಿಟ್ಸ್‌ಬರ್ಗ್‌ಗೆ ಹೋಗಿ 1901ರಿಂದ ಮೂರು ವರ್ಷ ಸತತವಾಗಿ ಲೀಗ್ ಗೆದ್ದರು.

ಬೇರೆ ದೊಡ್ಡ ಮೊತ್ತಗಳು

1871ರ ಜೂನ್ 28ರಂದು ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡ ಟ್ರಾಯ್ ತಂಡವನ್ನು 49–33ರಿಂದ ಸೋಲಿಸಿತು. 1874ರ ಜೂನ್ 18ರಂದು ನ್ಯೂಯಾರ್ಕ್ ಮ್ಯೂಚುವಲ್ಸ್ 38, ಶಿಕಾಗೊ 1. ಇವು 36ಕ್ಕಿಂತ ಹೆಚ್ಚಲ್ಲವೇ ಎಂದರೆ ಹೌದು. ಆದರೆ ಅವು ನಡೆದದ್ದು 1871ರಿಂದ 1875ರವರೆಗಿದ್ದ ನ್ಯಾಷನಲ್ ಅಸೋಸಿಯೇಷನ್‌ನಲ್ಲಿ. ಅದು ವೃತ್ತಿಪರ ಲೀಗೇ ಆದರೂ ಅಧಿಕೃತ ದಾಖಲೆಗಳಲ್ಲಿ ಅದನ್ನು ಪ್ರಮುಖ ಲೀಗ್ ಎಂದು ಎಣಿಸುವುದಿಲ್ಲ.

ಕೆಳಹಂತದ ಲೀಗ್‌ಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಟೆಕ್ಸಸ್ ಲೀಗ್‌ನದು: 1902ರ ಜೂನ್ 15, ಕೋರ್ಸಿಕಾನಾ 51, ಟೆಕ್ಸಾರ್ಕಾನಾ 3. ಅಂದು ಭಾನುವಾರ, ಕೋರ್ಸಿಕಾನಾದಲ್ಲಿ ಭಾನುವಾರದ ಆಟಕ್ಕೆ ಅವಕಾಶವಿಲ್ಲದ್ದರಿಂದ ಪಂದ್ಯವನ್ನು ಹತ್ತಿರದ ಎನಿಸ್ ಎಂಬ ಊರಿಗೆ ಒಯ್ದರು. ಅಲ್ಲಿಯ ಚಿಕ್ಕ ಮೈದಾನದಲ್ಲಿ ಬಲಬದಿಯ ಬೇಲಿ ತೀರಾ ಹತ್ತಿರ. 19 ವರ್ಷದ ಕ್ಯಾಚರ್ ಜೇ ಕ್ಲಾರ್ಕ್ ಎಡಗೈ ಬ್ಯಾಟರ್, ಅವರ ಸಹಜ ಹೊಡೆತ ಬಲಬದಿಗೇ ಹೋಗುವಂಥದ್ದು. ಎಂಟು ಸಲ ಬ್ಯಾಟ್ ಮಾಡಿ ಎಂಟೂ ಸಲ ಹೋಮ್ ರನ್ (ಸಾಮಾನ್ಯವಾಗಿ ಬೇಲಿ ದಾಟುವ, ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದರು. ನಮ್ಮ ಸೂತ್ರವನ್ನು ಇಲ್ಲಿಯೂ ಹಾಕಬಹುದು. ಕೋರ್ಸಿಕಾನಾ ಎಂಟೇ ಇನಿಂಗ್ಸ್ ಬ್ಯಾಟ್ ಮಾಡಿತೆಂದುಕೊಂಡರೂ 51 ರನ್, 24 ಔಟ್, ಒಟ್ಟು ಕನಿಷ್ಠ 75 ಬ್ಯಾಟರ್. ಒಂಬತ್ತರಿಂದ ಭಾಗಿಸಿದರೆ ತಲಾ ಎಂಟು, ಮಿಕ್ಕದ್ದು ಮೂರು. ಮೊದಲ ಮೂವರಿಗೆ ಒಂಬತ್ತು ಸರದಿ ಸಿಕ್ಕಿರಲೇಬೇಕು. ಎಂಟೇ ಸಲ ಬಂದ ಕ್ಲಾರ್ಕ್ ಮೊದಲ ಮೂರು ಸ್ಥಾನದಲ್ಲಿ ಇದ್ದಿರಲಾರರು ಎಂದು ಸ್ಕೋರ್‌ಕಾರ್ಡ್ ನೋಡದೆಯೇ ಹೇಳಬಹುದು. ಟೆಕ್ಸಾರ್ಕಾನಾ ಪಿಚರ್ ಡೆವಿಟ್ ಒಬ್ಬರೇ ಕೊನೆಯವರೆಗೂ ಎಸೆದರು. ಬೇಲಿಯ ಪಾತ್ರ ಎಷ್ಟೆಂದು ಅಳೆಯಲು ಇದೊಂದು ಸಾಕು: ಕ್ಲಾರ್ಕ್ ಮುಂದೆ ಪ್ರಮುಖ ಲೀಗ್‌ನಲ್ಲಿ 506 ಪಂದ್ಯ ಆಡಿ ಹೊಡೆದ ಹೋಮ್ ರನ್ ಒಟ್ಟು 6. ಅಲ್ಲಿ ಅವರು ಒಳ್ಳೆಯ ಕ್ಯಾಚರ್ ಎನಿಸಿಕೊಂಡರು. 1908ರಲ್ಲಿ ಆಡಿ ಜಾಸ್ ಒಬ್ಬ ಬ್ಯಾಟರ್‌ನನ್ನೂ ಬೇಸ್ ಮುಟ್ಟಲು ಬಿಡದ ಪಂದ್ಯದಲ್ಲಿ ಪ್ಲೇಟ್ ಹಿಂದೆ ಕೂತಿದ್ದವರು ಇವರೇ.

ಹೊಸ ಕಾಲದಲ್ಲಿ 36ರ ಹತ್ತಿರಕ್ಕೆ ಬಂದದ್ದು 2007ರ ಆಗಸ್ಟ್ 22ರಂದು, ಟೆಕ್ಸಸ್ ರೇಂಜರ್ಸ್ 30, ಬಾಲ್ಟಿಮೋರ್ ಓರಿಯೋಲ್ಸ್ 3. ಮೂರು ಇನಿಂಗ್ಸ್ ಮುಗಿದಾಗ 3–0ರಿಂದ ಹಿಂದಿದ್ದ ತಂಡ ರೇಂಜರ್ಸ್! ರನ್ ಬಂದದ್ದು ನಾಲ್ಕೇ ಇನಿಂಗ್ಸ್‌ಗಳಲ್ಲಿ: 5, 9, 10, 6. ಉಳಿದ ಐದರಲ್ಲಿ ಸೊನ್ನೆ. 1897ರ ಸಾಲಿನ ಪಕ್ಕದಲ್ಲಿ ಇದನ್ನಿಟ್ಟರೆ ಎರಡು ಯುಗಗಳ ವ್ಯತ್ಯಾಸ ಕಾಣುತ್ತದೆ. ಇಂದು ಔಟ್ ಪಡೆಯುವುದು ಸಾಮಾನ್ಯವಾಗಿ ಸುಲಭ, ಆಗಾಗ ಮಾತ್ರ ಒಂದು ಇನಿಂಗ್ಸ್ ಕೈಮೀರುತ್ತದೆ. ಅಂದು ಇಡೀ ದಿನವೇ ಕೈಮೀರಬಹುದಿತ್ತು. ಆ ರೇಂಜರ್ಸ್ ಪಂದ್ಯದ ಕೊನೆಯ ಮೂರು ಇನಿಂಗ್ಸ್ ಎಸೆದ ವೆಸ್ ಲಿಟಲ್‌ಟನ್ ಅವರಿಗೆ ‘ಸೇವ್’ (ಗೆಲುವನ್ನು ಕಾಪಾಡಿಕೊಂಡ ಪಿಚರ್‌ಗೆ ಸಲ್ಲುವ ಮನ್ನಣೆ) ದೊರೆಯಿತು. ಮೂರು ಇನಿಂಗ್ಸ್ ಎಸೆದು ಪಂದ್ಯ ಮುಗಿಸಿದರೆ ಅಂತರ ಎಷ್ಟಿದ್ದರೂ ಸೇವ್ ಕೊಡುವ ನಿಯಮವಿದೆ.

ಈಗ ಪಂದ್ಯ ಕೈತಪ್ಪಿದಾಗ ತಂಡಗಳು ಫೀಲ್ಡರ್‌ನೊಬ್ಬನನ್ನೇ ಎಸೆಯಲು ಕಳಿಸಿ ಪಿಚರ್‌ಗಳನ್ನು ಉಳಿಸಿಕೊಳ್ಳುತ್ತವೆ. ಅದು ಅತಿಯಾದಾಗ 2023ರಲ್ಲಿ ಕಡಿವಾಣ ಹಾಕಿದರು: ಕನಿಷ್ಠ 8 ರನ್ ಹಿಂದಿರಬೇಕು, ಅಥವಾ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಕನಿಷ್ಠ 10 ರನ್ ಮುಂದಿರಬೇಕು, ಅಥವಾ ಪಂದ್ಯ ಹೆಚ್ಚುವರಿ ಇನಿಂಗ್ಸ್‌ಗೆ ಹೋಗಿರಬೇಕು. ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಲೀಗ್ ಹಂತದಲ್ಲಿ ಐದು ಇನಿಂಗ್ಸ್ ನಂತರ 15, ಏಳರ ನಂತರ 10 ರನ್ ಅಂತರವಿದ್ದರೆ ಪಂದ್ಯ ನಿಲ್ಲಿಸುತ್ತಾರೆ. ಪ್ರಮುಖ ಲೀಗ್‌ಗಳಲ್ಲಿ ಅಂಥ ನಿಯಮ ಇಂದಿಗೂ ಇಲ್ಲ.

ಹಳೆಯ ಸ್ಕೋರ್‌ಕಾರ್ಡ್ ಕೈಗೆ ಸಿಕ್ಕರೆ

ಅಂದಿನ ಪತ್ರಿಕೆಗಳ ಪುಟಗಳು ಈಗ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಇಂಥ ಪಂದ್ಯಗಳಲ್ಲಿ ಅಂಕಿಗಳೇ ಹೆಚ್ಚು, ಮೊಳೆ ಜೋಡಿಸುವವರ ತಪ್ಪೂ ಹೆಚ್ಚು. ನಂಬುವ ಮುಂಚೆ ಕೂಡಿ ನೋಡಬೇಕು. ಮೊದಲು ಇನಿಂಗ್ಸ್‌ಗಳ ಸಾಲನ್ನು ಕೂಡಿ ಒಟ್ಟು ಮೊತ್ತಕ್ಕೆ ಹೋಲಿಸಿ, ಆಮೇಲೆ ಪ್ರತಿ ಆಟಗಾರನ ರನ್ ಕೂಡಿ ನೋಡಿ. ಎರಡೂ ಒಂದೇ ಬರಬೇಕು. ಪುಟ್‌ಔಟ್ (ಔಟ್ ಯಾವ ಫೀಲ್ಡರ್ ಹೆಸರಿಗೆ ಎಂಬ ಲೆಕ್ಕ) ಕಾಲಂ ಒಂಬತ್ತು ಇನಿಂಗ್ಸ್‌ಗೆ 27 ಆಗಬೇಕು. 26 ಇದ್ದರೆ ಕೆಳಗೆ ನಕ್ಷತ್ರ ಚಿಹ್ನೆಯ ಅಡಿಟಿಪ್ಪಣಿ ಹುಡುಕಿ. ಹೊಡೆದ ಚೆಂಡು ಓಡುವವನಿಗೇ ತಾಗಿ ಔಟಾದಂಥ ಸಂದರ್ಭದಲ್ಲಿ ಯಾವ ಫೀಲ್ಡರ್‌ನ ಹೆಸರಿಗೂ ಔಟ್ ಹಾಕದೆ ಹಾಗೆ ಬರೆಯುತ್ತಿದ್ದರು. ಆಮೇಲೆ ಬ್ಯಾಟಿಂಗ್ ಸರದಿಗಳ ಕಾಲಂಗೆ ವಾಕ್, ಮೈಗೆ ಚೆಂಡು ತಾಗಿ ಬೇಸ್ ಪಡೆದವರು, ಸ್ಯಾಕ್ರಿಫೈಸ್ (ತಾನು ಔಟಾಗಿ ಬೇಸ್‌ನಲ್ಲಿದ್ದವನನ್ನು ಮುಂದಕ್ಕೆ ಕಳಿಸುವ ಹೊಡೆತ) ಇವನ್ನು ಸೇರಿಸಿ. ಇವು ಆಟಗಾರನ ಸಾಲಿನಲ್ಲಿ ಇರುವುದಿಲ್ಲ, ಕೆಳಗಿನ ಸಣ್ಣಕ್ಷರದ ಟಿಪ್ಪಣಿಯಲ್ಲಿ ಪಿಚರ್‌ನ ಹೆಸರಿನಡಿ ಒಟ್ಟಾಗಿ ಇರುತ್ತವೆ. ಬಂದ ಸಂಖ್ಯೆ ರನ್, ಔಟ್, ಬೇಸ್‌ನಲ್ಲಿ ಉಳಿದವರು ಇವುಗಳ ಮೊತ್ತಕ್ಕೆ ಸಮವಾಗಬೇಕು. ಒಂದೆರಡು ಹೆಚ್ಚುಕಡಿಮೆಯಾದರೆ ತಪ್ಪು ಬಹುಪಾಲು ವಾಕ್‌ಗಳ ಎಣಿಕೆಯಲ್ಲೋ ಉಳಿದವರ ಎಣಿಕೆಯಲ್ಲೋ ಇರುತ್ತದೆ. ಪಿಚರ್‌ನ ಗಳಿಕೆ-ರನ್ ಸರಾಸರಿಯನ್ನು (ಎರರ್‌ಗಳಿಂದ ಬಂದವನ್ನು ಬಿಟ್ಟು ಒಂಬತ್ತು ಇನಿಂಗ್ಸ್‌ಗೆ ಅವನು ಕೊಟ್ಟ ರನ್) ಮಾತ್ರ ಹುಡುಕಬೇಡಿ: ನ್ಯಾಷನಲ್ ಲೀಗ್ ಅದನ್ನು ಅಧಿಕೃತವಾಗಿ ಲೆಕ್ಕ ಹಾಕಲು ಶುರುಮಾಡಿದ್ದು 1912ರಲ್ಲಿ.